ಪಕ್ಕದಲ್ಲಿ ವೆಲ್ಡಿಂಗ್ ಶೆಡ್, ನಕ್ಷೆಯಲ್ಲಿ ಹಳದಿ ಬಣ್ಣ

ಫೆಬ್ರುವರಿ ತಿಂಗಳು ಬಂತೆಂದರೆ ದಾವಣಗೆರೆಯ ನಮ್ಮ ಮನೆಯ ಪಡಸಾಲೆ ಒಂದು ಪುಟ್ಟ ಶಾಲೆಯೇ ಆಗಿಬಿಡುತ್ತದೆ. ಬೀದಿಯ ಎಸ್ಸೆಸ್ಸೆಲ್ಸಿ ಮಕ್ಕಳು ಏಳೆಂಟು ಮಂದಿ ಸಂಜೆ ಪುಸ್ತಕ ಹಿಡಿದು ಬರುತ್ತಾರೆ. ಬೆಳಕಿನ ವಕ್ರೀಭವನ, ಓಮನ ನಿಯಮ, ಆಮ್ಲ-ಪ್ರತ್ಯಾಮ್ಲ ಎಂದು ರಾತ್ರಿ ಒಂಬತ್ತರವರೆಗೆ ನಡೆಯುತ್ತದೆ. ಇದು ಹಲವು ವರ್ಷಗಳ ರೂಢಿ.

ಮೂರು ವರ್ಷಗಳ ಹಿಂದೆ ನಮ್ಮ ಪಕ್ಕದ ಖಾಲಿ ನಿವೇಶನದಲ್ಲಿ ಒಂದು ತಗಡಿನ ಶೆಡ್ ಎದ್ದಿತು. ಕಿಟಕಿ ಗ್ರಿಲ್, ಗೇಟು, ರೋಲಿಂಗ್ ಷಟರ್ ತಯಾರಿಸುವ ವೆಲ್ಡಿಂಗ್ ಶಾಪು. ಮಾಲೀಕ ಬೇರೆ ಯಾರೂ ಅಲ್ಲ, ಹದಿನೈದು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗ. ಬ್ಯಾಂಕಿನಲ್ಲಿ ಸಾಲ ಮಾಡಿ, ನಾಲ್ಕು ಜನರಿಗೆ ಕೆಲಸ ಕೊಟ್ಟಿದ್ದಾನೆ. ಪೂಜೆಯ ದಿನ ನನ್ನನ್ನು ಕರೆದು ಕಾಲಿಗೆ ನಮಸ್ಕಾರ ಮಾಡಿದ. ಸಂತೋಷವೇ ಆಯಿತು.

ಆ ಸಂತೋಷ ಒಂದು ವಾರ ಉಳಿಯಿತು. ಕಬ್ಬಿಣ ಕತ್ತರಿಸುವ ಗ್ರೈಂಡರಿನ ಕಿರುಚಾಟ ಬೆಳಿಗ್ಗೆ ಎಂಟಕ್ಕೆ ಶುರುವಾದರೆ, ಮದುವೆ ಸೀಸನ್ನಿನಲ್ಲಿ ರಾತ್ರಿ ಹತ್ತಾದರೂ ನಿಲ್ಲುತ್ತಿರಲಿಲ್ಲ. ಬಣ್ಣ ಸಿಂಪಡಿಸಿದ ದಿನ ಥಿನ್ನರಿನ ವಾಸನೆ ಅಡುಗೆಮನೆಯವರೆಗೂ ಬರುತ್ತಿತ್ತು. ಎದುರು ಮನೆಯ ಅಜ್ಜಿಗೆ ಉಬ್ಬಸ. ಅಂದು ಅವರು ಕಿಟಕಿ ಬಾಗಿಲು ಹಾಕಿಕೊಂಡೇ ಕೂರಬೇಕು. ಒಂದು ರಾತ್ರಿ ನನ್ನ ಮುಂದೆ ಕುಳಿತಿದ್ದ ಹುಡುಗಿಯೊಬ್ಬಳು ಕಿವಿ ಮುಚ್ಚಿಕೊಂಡು ಕೇಳಿದಳು: "ಸರ್, ಕಾರ್ಖಾನೆ ಊರ ಹೊರಗೆ ಇರಬೇಕಲ್ವಾ? ಎಲ್ಲಿ ಏನು ಇರಬೇಕು ಅಂತ ಯಾರು ತೀರ್ಮಾನ ಮಾಡ್ತಾರೆ?"

ವಿಜ್ಞಾನದ ಮೇಷ್ಟ್ರಿಗೆ ಇದು ಪಠ್ಯದ ಹೊರಗಿನ ಪ್ರಶ್ನೆ. ಆದರೂ ಉತ್ತರ ಹುಡುಕಲು ಹೊರಟೆ. ಹುಡುಕುತ್ತಾ ಹೋದಂತೆ ಕಾನೂನು, ಇತಿಹಾಸ, ಭೌತಶಾಸ್ತ್ರ ಎಲ್ಲವೂ ಒಂದರ ಹಿಂದೆ ಒಂದು ಬಂದವು. ಕೊನೆಗೆ ನನ್ನ ಮನೆಯ ಬಾಗಿಲಿಗೇ ಬಂದು ನಿಂತವು. ಆ ಕಥೆಯನ್ನು ಕೊನೆಯಲ್ಲಿ ಹೇಳುತ್ತೇನೆ.

ನಕ್ಷೆಯ ಬಣ್ಣಗಳು

ನಮ್ಮ ಹಳೆಯ ಮನೆಗಳನ್ನೇ ನೆನಪಿಸಿಕೊಳ್ಳಿ. ಮುಂದೆ ಜಗಲಿ, ಒಳಗೆ ಪಡಸಾಲೆ, ಒಂದು ಮೂಲೆಯಲ್ಲಿ ದೇವರ ಮನೆ, ಹಿಂದೆ ಅಡುಗೆಮನೆ, ಇನ್ನೂ ಹಿಂದೆ ಬಚ್ಚಲು, ಅದರಾಚೆ ಕೊಟ್ಟಿಗೆ. ಯಾವುದೂ ಕೀಳಲ್ಲ, ಎಲ್ಲವೂ ಬೇಕು. ಆದರೆ ಬಚ್ಚಲ ಹೊಗೆ ದೇವರ ಮನೆಗೆ ಬರಬಾರದು, ಕೊಟ್ಟಿಗೆಯ ನೊಣ ಅಡುಗೆಯ ಮೇಲೆ ಕೂರಬಾರದು. ಇದೇ ವಿವೇಕವನ್ನು ಇಡೀ ಊರಿಗೆ ಅನ್ವಯಿಸಿದರೆ ಅದಕ್ಕೆ ಭೂಬಳಕೆ ವಲಯೀಕರಣ ಎನ್ನುತ್ತಾರೆ. ಇಂಗ್ಲಿಷಿನವರು ಜೋನಿಂಗ್ ಎನ್ನುವುದು ಇದನ್ನೇ.

ನಮ್ಮ ರಾಜ್ಯದಲ್ಲಿ ಇದಕ್ಕೆ ಆಧಾರ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಪ್ರತಿಯೊಂದು ಯೋಜನಾ ಪ್ರಾಧಿಕಾರವೂ ತನ್ನ ವ್ಯಾಪ್ತಿಗೆ ಒಂದು ಮಹಾಯೋಜನೆ, ಅಂದರೆ ಮಾಸ್ಟರ್ ಪ್ಲಾನ್ ತಯಾರಿಸಬೇಕು. ಹತ್ತು ವರ್ಷಕ್ಕೊಮ್ಮೆಯಾದರೂ ಅದನ್ನು ಪರಿಷ್ಕರಿಸಬೇಕು. ಇದರಲ್ಲಿ ಮುಖ್ಯವಾಗಿ ಎರಡು ಭಾಗಗಳಿರುತ್ತವೆ. ಒಂದು ಬಣ್ಣದ ನಕ್ಷೆ. ಸಾಮಾನ್ಯವಾಗಿ ಹಳದಿ ವಸತಿ ಪ್ರದೇಶ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ, ಕೆಂಪು ಸಾರ್ವಜನಿಕ ಮತ್ತು ಅರೆ ಸಾರ್ವಜನಿಕ ಕಟ್ಟಡಗಳು, ಹಸಿರು ಉದ್ಯಾನ ಮತ್ತು ಬಯಲು. ಇನ್ನೊಂದು ವಲಯ ನಿಯಮಾವಳಿ. ಯಾವ ಬಣ್ಣದಲ್ಲಿ ಯಾವ ಬಳಕೆಗೆ ಅವಕಾಶ, ಯಾವುದಕ್ಕೆ ವಿಶೇಷ ಅನುಮತಿ ಬೇಕು, ಯಾವುದು ಸರ್ವಥಾ ನಿಷಿದ್ಧ, ಕಟ್ಟಡದ ಸುತ್ತ ಎಷ್ಟು ಜಾಗ ಬಿಡಬೇಕು, ಎಷ್ಟು ಎತ್ತರ ಕಟ್ಟಬಹುದು ಎಂಬುದೆಲ್ಲ ಅಲ್ಲಿರುತ್ತದೆ.

ಹಳದಿ ಬಣ್ಣವೆಂದರೆ ಮನೆ ಬಿಟ್ಟು ಬೇರೇನೂ ಇರಕೂಡದೆಂದು ಅರ್ಥವಲ್ಲ. ಸಣ್ಣ ಕಿರಾಣಿ ಅಂಗಡಿ, ವೈದ್ಯರ ಕ್ಲಿನಿಕ್, ಹೊಲಿಗೆ ಯಂತ್ರ, ಶಿಶುವಿಹಾರ ಇಂಥವಕ್ಕೆ ಮಿತಿಯೊಳಗೆ ಅವಕಾಶವಿರುತ್ತದೆ. ಅಂದರೆ ನಿಯಮ ಕೇಳುವ ಪ್ರಶ್ನೆಗಳು ಎರಡು. ಇದು ಯಾವ ಬಳಕೆ? ಇದು ಪಕ್ಕದವನಿಗೆ ಎಷ್ಟು ತೊಂದರೆ ಕೊಡುತ್ತದೆ?

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. ಹೊಲವನ್ನು ನಿವೇಶನವಾಗಿಸುವ ಮುನ್ನ ಕಂದಾಯ ಇಲಾಖೆಯಿಂದ ಪಡೆಯುವ ಭೂ ಪರಿವರ್ತನೆಯ ಆದೇಶವೇ ಬೇರೆ. ಅದು 1964ರ ಭೂ ಕಂದಾಯ ಕಾಯ್ದೆಯದು. ಮಹಾಯೋಜನೆಯ ನಕ್ಷೆಯಲ್ಲಿ ಜಮೀನಿನ ಬಣ್ಣ ಬದಲಿಸುವುದು ಬೇರೆ. ಅದು ಯೋಜನಾ ಕಾಯ್ದೆಯ 14-ಎ ಪ್ರಕರಣಕ್ಕೆ ಬರುತ್ತದೆ. ಒಂದಿದ್ದರೆ ಇನ್ನೊಂದು ತಾನೇ ಸಿಕ್ಕಿತೆಂದು ತಿಳಿದು ಕೈಸುಟ್ಟುಕೊಂಡವರು ನಮ್ಮ ನಡುವೆ ಬೇಕಾದಷ್ಟು ಜನರಿದ್ದಾರೆ.

ಯೂಕ್ಲಿಡ್ ಎಂಬ ಹಳ್ಳಿ

ರೇಖಾಗಣಿತ ಕಲಿತ ಎಲ್ಲರಿಗೂ ಯೂಕ್ಲಿಡನ ಹೆಸರು ಗೊತ್ತು. ವಲಯೀಕರಣದ ಚರಿತ್ರೆಯಲ್ಲೂ ಆತನ ಹೆಸರಿದೆ ಎಂದರೆ ಆಶ್ಚರ್ಯವಾಗಬಹುದು. ಅಮೆರಿಕದ ಒಹಾಯೊ ರಾಜ್ಯದಲ್ಲಿ ಕ್ಲೀವ್‌ಲ್ಯಾಂಡ್ ನಗರದ ಪಕ್ಕ ಯೂಕ್ಲಿಡ್ ಎಂಬ ಊರಿದೆ. ಆ ಪ್ರದೇಶವನ್ನು ಅಳತೆ ಮಾಡಿದ ಸರ್ವೆಯವರು ತಮ್ಮ ವಿದ್ಯೆಯ ಮೂಲಪುರುಷನ ಹೆಸರನ್ನೇ ಅದಕ್ಕೆ ಇಟ್ಟರು.

ಅದಕ್ಕೂ ಮೊದಲು ಜರ್ಮನಿಯ ಫ್ರಾಂಕ್‌ಫರ್ಟ್ ನಗರ 1891ರಲ್ಲಿಯೇ ಊರನ್ನು ವಲಯಗಳಾಗಿ ವಿಂಗಡಿಸಿ ಒಂದೊಂದು ವಲಯಕ್ಕೆ ಒಂದೊಂದು ಕಟ್ಟಡ ನಿಯಮವನ್ನು ತಂದಿತ್ತು. ಕೈಗಾರಿಕಾ ಕ್ರಾಂತಿಯ ಹೊಗೆ ಯೂರೋಪಿನ ಊರುಗಳನ್ನು ಕವಿದಿದ್ದ ಕಾಲವದು. ಅಮೆರಿಕದಲ್ಲಿ ಇಡೀ ನಗರಕ್ಕೆ ಅನ್ವಯಿಸುವ ಸಮಗ್ರ ವಲಯ ನಿಯಮ ಬಂದದ್ದು ನ್ಯೂಯಾರ್ಕಿನಲ್ಲಿ, 1916ರಲ್ಲಿ. ಅದಕ್ಕೆ ಹಿಂದಿನ ವರ್ಷ ಮುಗಿದಿದ್ದ ಈಕ್ವಿಟಬಲ್ ಎಂಬ ಭಾರೀ ಕಟ್ಟಡ ರಸ್ತೆಯ ಅಂಚಿನಿಂದಲೇ ನೆಟ್ಟಗೆ ಆಕಾಶಕ್ಕೆ ಏರಿ ಸುತ್ತಲಿನ ಕಟ್ಟಡಗಳನ್ನು ಕತ್ತಲೆಗೆ ತಳ್ಳಿತ್ತು. ಬಿಸಿಲೂ ನೆರೆಯವನ ಹಕ್ಕು ಎಂಬ ಮಾತು ಆಗ ಬಲ ಪಡೆಯಿತು.

ಯೂಕ್ಲಿಡ್ ಹಳ್ಳಿ 1922ರಲ್ಲಿ ತನ್ನ ನೆಲವನ್ನು ಆರು ಬಗೆಯ ಬಳಕೆಗಳಾಗಿ ವಿಂಗಡಿಸಿತು. ಅಲ್ಲಿ 68 ಎಕರೆ ಜಮೀನಿಟ್ಟುಕೊಂಡಿದ್ದ ಆಂಬ್ಲರ್ ಎಂಬ ಕಂಪನಿ ನ್ಯಾಯಾಲಯಕ್ಕೆ ಹೋಯಿತು. ಅದರ ವಾದ ಸರಳ: ಕೈಗಾರಿಕೆಗಾದರೆ ಎಕರೆಗೆ 10,000 ಡಾಲರ್ ಬರುತ್ತದೆ, ವಸತಿಗೆಂದು ಗೆರೆ ಎಳೆದರೆ 2,500 ಡಾಲರ್ ಮಾತ್ರ, ಇದು ನಮ್ಮ ಸ್ವತ್ತನ್ನು ಕಸಿದಂತೆ. ಮೊಕದ್ದಮೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1926ರ ನವೆಂಬರಿನಲ್ಲಿ ತೀರ್ಪು ಹಳ್ಳಿಯ ಪರವಾಗಿ ಬಂತು. ಆರು ನ್ಯಾಯಮೂರ್ತಿಗಳು ಹಳ್ಳಿಯ ಪರ, ಮೂವರು ವಿರುದ್ಧ. ತೀರ್ಪು ಬರೆದ ನ್ಯಾಯಮೂರ್ತಿ ಸದರ್‌ಲ್ಯಾಂಡ್ ಅವರು ಒಂದು ಹೋಲಿಕೆ ಕೊಟ್ಟರು. ಉಪದ್ರವವೆಂಬುದು ಕೆಟ್ಟ ವಸ್ತುವೇ ಆಗಿರಬೇಕಿಲ್ಲ. ಒಳ್ಳೆಯ ವಸ್ತು ತಪ್ಪು ಜಾಗದಲ್ಲಿದ್ದರೂ ಸಾಕು, ದೊಡ್ಡಿಯಲ್ಲಿರಬೇಕಾದ ಹಂದಿ ಪಡಸಾಲೆಗೆ ಬಂದಂತೆ ಎಂಬುದು ಅದರ ಭಾವ. ಅಂದಿನಿಂದ ಮನೆ, ಅಂಗಡಿ, ಕಾರ್ಖಾನೆಗಳನ್ನು ಬೇರೆ ಬೇರೆ ಇಡುವ ಈ ಪದ್ಧತಿಗೆ ಅಲ್ಲಿ 'ಯೂಕ್ಲಿಡೀಯ ವಲಯೀಕರಣ' ಎಂದೇ ಹೆಸರು. ಗಣಿತಜ್ಞನ ಹೆಸರು ಸುತ್ತು ಬಳಸಿ ಇಲ್ಲಿಗೆ ಬಂತು.

ಪೇಟೆಯಿಂದ ಬಡಾವಣೆಗೆ

ನಮ್ಮ ಹಳೆಯ ಊರುಗಳಲ್ಲಿ ಬದುಕು ಮತ್ತು ಕಸುಬು ಒಂದೇ ಸೂರಿನಡಿ ಇದ್ದವು. ಬೆಂಗಳೂರಿನ ಅಕ್ಕಿಪೇಟೆ, ಬಳೆಪೇಟೆ, ತರಗುಪೇಟೆ, ಕುಂಬಾರಪೇಟೆ ಎಂಬ ಹೆಸರುಗಳನ್ನು ನೋಡಿ. ಕೆಳಗೆ ಅಂಗಡಿ ಅಥವಾ ಮಗ್ಗ, ಮೇಲೆ ಅಥವಾ ಹಿಂದೆ ಮನೆ. ಹಾಗೆಂದು ವಿಂಗಡಣೆ ಇರಲಿಲ್ಲವೆಂದಲ್ಲ. ಕುಂಬಾರನ ಆವಿಗೆ ಬೆಂಕಿಯ ಭಯಕ್ಕೆ ಊರಂಚಿನಲ್ಲಿರುತ್ತಿತ್ತು. ಚರ್ಮ ಹದ ಮಾಡುವುದು ಊರ ಹೊರಗೆ. ಆದರೆ ಹೊಗೆ, ವಾಸನೆಗಳ ನೆಪದಲ್ಲಿ ಕಸುಬಿನ ಜೊತೆ ಕಸುಬುದಾರನನ್ನೂ ಹೊರಗಿಟ್ಟೆವು ಎಂಬುದನ್ನು ಮರೆಯಬಾರದು. ಗೆರೆ ಎಳೆಯುವ ಕೈ ಯಾರದು ಎಂಬ ಪ್ರಶ್ನೆ ಅಂದೂ ಇತ್ತು, ಇಂದೂ ಇದೆ. ಅಮೆರಿಕದ ಬಾಲ್ಟಿಮೋರ್ ನಗರ 1910ರಲ್ಲಿ ಕರಿಯರೂ ಬಿಳಿಯರೂ ಬೇರೆ ಬೇರೆ ಬೀದಿಗಳಲ್ಲಿರಬೇಕೆಂದು ನಿಯಮ ಮಾಡಿತ್ತು. ಇಂಥ ನಿಯಮಗಳು ಸಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟು 1917ರಲ್ಲಿ ಹೇಳಬೇಕಾಯಿತು.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಕಿಕ್ಕಿರಿದ ಪೇಟೆಯ ಓಣಿಗಳಲ್ಲಿ ಜನ ಸತ್ತರು. ಆ ಆಘಾತದಿಂದ ಹುಟ್ಟಿದ್ದು ಮಲ್ಲೇಶ್ವರ ಮತ್ತು ಬಸವನಗುಡಿ ಬಡಾವಣೆಗಳು: ಅಗಲವಾದ ನೇರ ರಸ್ತೆಗಳು, ಗಾಳಿ ಬೆಳಕಿನ ನಿವೇಶನಗಳು, ಉದ್ಯಾನ, ಮಾರುಕಟ್ಟೆಗೆ ಪ್ರತ್ಯೇಕ ಜಾಗ. ಮನೆಗೆ ಒಂದು ಜಾಗ, ವ್ಯಾಪಾರಕ್ಕೆ ಇನ್ನೊಂದು ಜಾಗ ಎಂಬ ಕಲ್ಪನೆ ನಮ್ಮಲ್ಲಿ ಗಟ್ಟಿಯಾದದ್ದು ಹೀಗೆ, ರೋಗದ ಭಯದಿಂದ. ಮೈಸೂರಿನಲ್ಲಿ 1903ರಲ್ಲಿಯೂ ಬೆಂಗಳೂರಿನಲ್ಲಿ 1945ರಲ್ಲಿಯೂ ನಗರಾಭಿವೃದ್ಧಿಗೆ ವಿಶ್ವಸ್ತ ಮಂಡಳಿಗಳು ಬಂದವು. ಬೆಂಗಳೂರಿನ ಮಂಡಳಿಯ ಜಾಗಕ್ಕೆ 1976ರ ಕಾಯ್ದೆಯಡಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂತು.

ಶಬ್ದದ ಲೆಕ್ಕ

ಈಗ ನನ್ನ ವಿಷಯಕ್ಕೆ ಬರುತ್ತೇನೆ. ವಲಯ ವಿಂಗಡಣೆ ಬರೀ ಗುಮಾಸ್ತರ ಕಾಗದವಲ್ಲ, ಅದರ ಹಿಂದೆ ಭೌತಶಾಸ್ತ್ರವಿದೆ.

ಕೇಂದ್ರ ಸರಕಾರದ 2000ದ ಶಬ್ದ ಮಾಲಿನ್ಯ ನಿಯಮಗಳು ನಾಲ್ಕು ಬಗೆಯ ಪ್ರದೇಶಗಳನ್ನು ಗುರುತಿಸುತ್ತವೆ. ಕೈಗಾರಿಕಾ ಪ್ರದೇಶದಲ್ಲಿ ಹಗಲು 75 ಡೆಸಿಬೆಲ್, ರಾತ್ರಿ 70. ವಾಣಿಜ್ಯ ಪ್ರದೇಶದಲ್ಲಿ 65 ಮತ್ತು 55. ವಸತಿ ಪ್ರದೇಶದಲ್ಲಿ 55 ಮತ್ತು 45. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ 100 ಮೀಟರ್ ನಿಶ್ಶಬ್ದ ವಲಯದಲ್ಲಿ 50 ಮತ್ತು 40. ಹಗಲೆಂದರೆ ಬೆಳಿಗ್ಗೆ ಆರರಿಂದ ರಾತ್ರಿ ಹತ್ತು.

ಎಪ್ಪತ್ತೈದಕ್ಕೂ ಐವತ್ತೈದಕ್ಕೂ ಏನು ಮಹಾ ವ್ಯತ್ಯಾಸ ಎನ್ನಬೇಡಿ. ಡೆಸಿಬೆಲ್ ಲಾಗರಿದಮ್ಮಿನ ಅಳತೆ. 10 ಡೆಸಿಬೆಲ್ ಏರಿದರೆ ಶಬ್ದದ ತೀವ್ರತೆ 10 ಪಟ್ಟು, 20 ಏರಿದರೆ 100 ಪಟ್ಟು. ಅಂದರೆ ಕೈಗಾರಿಕಾ ಪ್ರದೇಶದ ಹಗಲಿನ ಮಿತಿ ವಸತಿ ಪ್ರದೇಶದ ಮಿತಿಗಿಂತ ನೂರು ಪಟ್ಟು ಹೆಚ್ಚು. ರಾತ್ರಿಯ ಲೆಕ್ಕದಲ್ಲಿ 25 ಡೆಸಿಬೆಲ್ ಅಂತರ. ಸುಮಾರು 316 ಪಟ್ಟು.

ಹುಡುಗರನ್ನು ಕರೆದು ಇದನ್ನೇ ಒಂದು ಪ್ರಯೋಗವನ್ನಾಗಿ ಮಾಡಿದೆ. ಮೊಬೈಲ್ ಫೋನಿನಲ್ಲಿ ಶಬ್ದ ಅಳೆಯುವ ಆ್ಯಪ್ ಹಾಕಿಕೊಂಡೆವು. ಪ್ರಯೋಗಾಲಯದ ಉಪಕರಣದಷ್ಟು ನಿಖರವಲ್ಲ, ಆದರೆ ಅಂದಾಜಿಗೆ ಸಾಕು. ಗ್ರೈಂಡರಿನಿಂದ ಒಂದು ಮೀಟರ್ ದೂರದಲ್ಲಿ ಸುಮಾರು 95 ಡೆಸಿಬೆಲ್. ಏಳು ಮೀಟರ್ ದೂರದ ನಮ್ಮ ಕಿಟಕಿಯಲ್ಲಿ ಸುಮಾರು 78. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಶಬ್ದ 6 ಡೆಸಿಬೆಲ್ ಇಳಿಯುತ್ತದೆಂಬ ವಿಲೋಮ ವರ್ಗ ನಿಯಮಕ್ಕೆ ಇದು ಚೆನ್ನಾಗಿಯೇ ಹೊಂದುತ್ತದೆ. ಹಾಗಾದರೆ ಅದೇ ಗ್ರೈಂಡರಿನ ಸದ್ದು 55 ಡೆಸಿಬೆಲ್ಲಿಗೆ ಇಳಿಯಬೇಕಾದರೆ ಎಷ್ಟು ದೂರ ಬೇಕು? ಹುಡುಗಿಯೇ ಲೆಕ್ಕ ಹಾಕಿದಳು. 40 ಡೆಸಿಬೆಲ್ ಇಳಿಯಬೇಕು, ಅಂದರೆ 100 ಪಟ್ಟು ದೂರ, ಅಂದರೆ 100 ಮೀಟರ್. ಮೂವತ್ತು ಅಡಿ ಅಗಲದ ನಿವೇಶನಗಳಾದರೆ ಸಾಲಾಗಿ ಹನ್ನೊಂದು. ರಾತ್ರಿಯ 45 ಡೆಸಿಬೆಲ್ಲಿಗೆ 300 ಮೀಟರಿಗೂ ಹೆಚ್ಚು.

ನಡುವೆ ಗೋಡೆ, ಮರ, ಕಟ್ಟಡಗಳಿದ್ದರೆ ಸದ್ದು ಇನ್ನಷ್ಟು ತಗ್ಗುತ್ತದೆ, ನಿಜ. ಕಾನೂನಿನ ಮಿತಿಯೂ ಒಂದು ಕ್ಷಣದ್ದಲ್ಲ, ಹೊತ್ತಿನ ಸರಾಸರಿಯದು. ಆದರೂ ಒಂದು ಸಣ್ಣ ಯಂತ್ರಕ್ಕೆ ಇಷ್ಟು ದೂರ ಬೇಕಾದರೆ, ಇಡೀ ಕಾರ್ಖಾನೆಗೆ ಎಷ್ಟು ಬೇಕು ಎಂಬುದನ್ನು ನೀವೇ ಊಹಿಸಿ. ಕೈಗಾರಿಕಾ ಪ್ರದೇಶದ ಸುತ್ತ ಹಸಿರು ಪಟ್ಟಿ ಬಿಡಬೇಕೆನ್ನುವುದು ಅಲಂಕಾರಕ್ಕಲ್ಲ.

ಗಾಳಿ ಎತ್ತ ಬೀಸುತ್ತದೆ?

ಶಬ್ದ ಎಲ್ಲ ದಿಕ್ಕಿಗೂ ಹರಡುತ್ತದೆ. ಹೊಗೆ ಹಾಗಲ್ಲ, ಅದು ಗಾಳಿಯ ಜೊತೆ ಹೋಗುತ್ತದೆ. ಗಾಳಿ ಊರ ಕಡೆಯಿಂದ ಆಚೆಗೆ ಬೀಸುವ ಬದಿಯಲ್ಲಿ ಕಾರ್ಖಾನೆ ಇರಬೇಕು ಎಂಬುದು ಯೂರೋಪಿನ ಪಠ್ಯಗಳ ಪಾಠ. ಅಲ್ಲಿ ವರ್ಷದ ಬಹುಪಾಲು ಪಶ್ಚಿಮದ ಗಾಳಿ, ಆದ್ದರಿಂದ ಕಾರ್ಖಾನೆ ಪೂರ್ವಕ್ಕೆ.

ನಮ್ಮದು ಮಾನ್ಸೂನಿನ ನಾಡು. ಜೂನಿನಿಂದ ಸೆಪ್ಟೆಂಬರಿನವರೆಗೆ ಗಾಳಿ ಪಶ್ಚಿಮ, ನೈರುತ್ಯದಿಂದ. ಚಳಿಗಾಲದಲ್ಲಿ ಪೂರ್ವ, ಈಶಾನ್ಯದಿಂದ. ಪೂರ್ವಕ್ಕಿಟ್ಟರೆ ಚಳಿಗಾಲದಲ್ಲಿ ಹೊಗೆ ಊರಿಗೆ, ಪಶ್ಚಿಮಕ್ಕಿಟ್ಟರೆ ಮಳೆಗಾಲದಲ್ಲಿ. ಆದರೆ ಮಳೆಗಾಲದ ಗಾಳಿ ಜೋರು, ಮಳೆ ಧೂಳನ್ನು ತೊಳೆಯುತ್ತದೆ. ಚಳಿಗಾಲದ ರಾತ್ರಿಗಳಲ್ಲಿ ನೆಲಕ್ಕೆ ತಾಗಿದ ಗಾಳಿ ತಣ್ಣಗಾಗಿ, ಮೇಲೆ ಬೆಚ್ಚನೆಯ ಪದರವೊಂದು ಮುಚ್ಚಳದಂತೆ ಕೂರುತ್ತದೆ. ಹೊಗೆ ಮೇಲೇರದೆ ಬೀದಿಯಲ್ಲೇ ತೆವಳುತ್ತದೆ. ಆದ್ದರಿಂದ ನಮ್ಮಲ್ಲಿ ನಕ್ಷೆ ಮಾಡುವವರು ಚಳಿಗಾಲದ ಗಾಳಿಯನ್ನೇ ಮುಖ್ಯವಾಗಿ ಲೆಕ್ಕಕ್ಕಿಡಬೇಕು.

ಈ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಭೋಪಾಲಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. 1984ರ ಡಿಸೆಂಬರ್ 2-3ರ ಚಳಿಯ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಸುಮಾರು 40 ಟನ್ ಮೀಥೈಲ್ ಐಸೋಸಯನೇಟ್ ಸೋರಿತು. ಗಾಳಿಗಿಂತ ಭಾರವಾದ ಆ ಅನಿಲ ನೆಲಕ್ಕೆ ಅಂಟಿಕೊಂಡೇ ಜನವಸತಿಯ ಕಡೆಗೆ ಹರಿಯಿತು. ಕಾರ್ಖಾನೆಯ ಗೋಡೆಯಾಚೆಗೇ ಗುಡಿಸಲುಗಳಿದ್ದವು. ಸಾವಿರಾರು ಜನ ಸತ್ತರು. ಕಂಪನಿಯ ಸುರಕ್ಷಾ ವ್ಯವಸ್ಥೆಯ ವೈಫಲ್ಯವೇ ಮೊದಲ ಕಾರಣ, ಅನುಮಾನವಿಲ್ಲ. ಆದರೆ ವಿಷದ ತೊಟ್ಟಿಗೂ ಮಲಗುವ ಕೋಣೆಗೂ ನಡುವೆ ಅಂತರವಿದ್ದಿದ್ದರೆ ಸತ್ತವರ ಸಂಖ್ಯೆ ಅಷ್ಟಾಗುತ್ತಿರಲಿಲ್ಲ.

ಇಂದು ಕೈಗಾರಿಕೆಗಳನ್ನು ಅವು ಉಂಟುಮಾಡುವ ಮಾಲಿನ್ಯಕ್ಕೆ ತಕ್ಕಂತೆ ಕೆಂಪು, ಕಿತ್ತಳೆ, ಹಸಿರು ಎಂದು ವಿಂಗಡಿಸಲಾಗಿದೆ. ಮಾಲಿನ್ಯ ಹೆಚ್ಚಿಲ್ಲದವಕ್ಕೆ 2016ರಲ್ಲಿ ಬಿಳಿ ವರ್ಗವೂ ಬಂತು. ಯಾವುದು ಜನರ ಹತ್ತಿರ ಇರಬಹುದು, ಯಾವುದು ದೂರವೇ ಇರಬೇಕು ಎಂದು ತೂಗಲು ಇದೊಂದು ತಕ್ಕಡಿ.

ಕಾರ್ಖಾನೆ ಬರಲಿಲ್ಲ, ಊರೇ ಬಂತು

ಎಲ್ಲ ಸಂದರ್ಭಗಳಲ್ಲೂ ಕಾರ್ಖಾನೆಯೇ ಅಪರಾಧಿಯಲ್ಲ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶ 1970ರ ದಶಕದಲ್ಲಿ ರೂಪುಗೊಂಡಾಗ ಅದು ಊರ ಹೊರಗಿತ್ತು. ಸಾವಿರಾರು ಸಣ್ಣ ಕೈಗಾರಿಕೆಗಳು ಬಂದವು, ಅವುಗಳ ಹಿಂದೆ ಕೆಲಸಗಾರರು ಬಂದರು, ಅವರ ಹಿಂದೆ ಬಾಡಿಗೆ ಮನೆಗಳು, ಅಂಗಡಿ, ಶಾಲೆ ಎಲ್ಲ ಬಂದವು. ಇಂದು ಪೀಣ್ಯ ಊರ ನಡುವೆ ಇದೆ, ಮೆಟ್ರೊ ರೈಲು ಅದರ ಮೂಲಕವೇ ಹೋಗುತ್ತದೆ. ಅಲ್ಲಿನ ಅಂತರ್ಜಲದಲ್ಲಿ ಲೋಹ ಲೇಪನದ ಕ್ರೋಮಿಯಂ ಸೇರಿರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ನಮ್ಮ ದಾವಣಗೆರೆಯಲ್ಲೂ ಅಷ್ಟೆ. ಹತ್ತಿ ಗಿರಣಿಗಳ ಸೈರನ್ನಿಗೆ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ಊರು ಇದು. ಗಿರಣಿಗಳ ಸುತ್ತ ಊರು ಬೆಳೆಯಿತು, ಆಮೇಲೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಮಂಡಕ್ಕಿ ಭಟ್ಟಿಗಳ ಕಥೆಯೂ ಹೀಗೆಯೇ. ಸಂಜೆ ಮಂಡಕ್ಕಿ-ಮೆಣಸಿನಕಾಯಿ ಇಲ್ಲದೆ ನಮಗೆ ಆಗದು. ಭಟ್ಟಿಗಳ ಹೆಸರಿನ ಬಡಾವಣೆಯೇ ಇಲ್ಲಿದೆ. ಆದರೆ ಒಲೆಗೆ ಹಳೆಯ ಟೈರು ಹಾಕುತ್ತಾರೆಂಬ ದೂರು ಬಂದಾಗ ಮೂಗು ಮುಚ್ಚಿಕೊಂಡವರೂ ನಾವೇ.

ಗೆರೆಯನ್ನು ಕಾಲ ಮಿಂಚಿದ ಮೇಲೆ ಎಳೆದರೆ ಏನಾಗುತ್ತದೆಂದು ದೆಹಲಿ ತೋರಿಸಿತು. 1996ರಲ್ಲಿ ಸುಪ್ರೀಂ ಕೋರ್ಟು ಅಲ್ಲಿನ 168 ಅಪಾಯಕಾರಿ ಕೈಗಾರಿಕೆಗಳನ್ನು ನಗರದೊಳಗೆ ನಡೆಸಕೂಡದೆಂದಿತು. 2006ರಲ್ಲಿ ವಸತಿ ಪ್ರದೇಶದ ಅನಧಿಕೃತ ಅಂಗಡಿಗಳಿಗೆ ಬೀಗಮುದ್ರೆ ಹಾಕಲು ಆದೇಶಿಸಿತು. ಗಾಳಿ ಶುಚಿಯಾಗಬೇಕೆಂಬುದು ನ್ಯಾಯವೇ. ಆದರೆ ದಶಕಗಳ ಕಾಲ ಕಣ್ಣು ಮುಚ್ಚಿಕೊಂಡಿದ್ದ ಆಡಳಿತದ ತಪ್ಪಿಗೆ ಕೂಲಿಕಾರರೂ ಸಣ್ಣ ವ್ಯಾಪಾರಿಗಳೂ ದಂಡ ತೆತ್ತರು. ಪ್ರತಿಭಟನೆಗಳಲ್ಲಿ ಪ್ರಾಣಹಾನಿಯೂ ಆಯಿತು. ಕೊನೆಗೆ 2007ರ ಮಹಾಯೋಜನೆಯಲ್ಲಿ ಹಲವು ರಸ್ತೆಗಳನ್ನು ಮಿಶ್ರ ಬಳಕೆಗೆ ಬಿಟ್ಟುಕೊಡಬೇಕಾಯಿತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವುದೆಂದರೆ ಇದೇ.

ಬೆಂಗಳೂರಿನಲ್ಲೂ 2007ರಲ್ಲಿ ಬಂದ ಪರಿಷ್ಕೃತ ಮಹಾಯೋಜನೆ ವಸತಿ ಪ್ರದೇಶಗಳಲ್ಲಿ ವಾಣಿಜ್ಯಕ್ಕೆ ಹೆಚ್ಚು ಅವಕಾಶ ಕೊಟ್ಟಿತು. ನಿವಾಸಿಗಳ ಸಂಘಗಳು ಹೈಕೋರ್ಟಿನ ಮೆಟ್ಟಿಲೇರಿದವು. ಅದರ ಮುಂದಿನ ಯೋಜನೆಯ ಕರಡು 2017ರಲ್ಲಿ ಪ್ರಕಟವಾದರೂ ನಂತರ ಅದನ್ನು ಹಿಂತೆಗೆದುಕೊಳ್ಳಲಾಯಿತು.

ಬೇರ್ಪಡಿಸುವುದಕ್ಕೂ ಬೆಲೆ ಇದೆ

ಹಾಗಾದರೆ ಎಲ್ಲವನ್ನೂ ಬೇರೆ ಬೇರೆ ಪೆಟ್ಟಿಗೆಗಳಲ್ಲಿ ಇಟ್ಟುಬಿಟ್ಟರೆ ಸಮಸ್ಯೆ ಮುಗಿಯಿತೆ? ಇಲ್ಲ. ಮನೆ ಒಂದು ತುದಿಯಲ್ಲಿ, ಕೆಲಸ ಇನ್ನೊಂದು ತುದಿಯಲ್ಲಿ ಆದರೆ ನಡುವೆ ವಾಹನಗಳ ಸಾಲು ಬೆಳೆಯುತ್ತದೆ. ಕಾರ್ಖಾನೆಯ ಚಿಮಣಿ ದೂರ ಹೋಯಿತೆಂದು ಸಮಾಧಾನಪಟ್ಟರೆ, ಅದೇ ಹೊಗೆ ಸಾವಿರ ಸೈಲೆನ್ಸರುಗಳಿಂದ ಮನೆ ಮುಂದೆಯೇ ಬರುತ್ತದೆ. ಅಂಗಡಿ ದೂರವಾದಷ್ಟೂ ಮುದುಕರು, ಮಕ್ಕಳು, ವಾಹನವಿಲ್ಲದವರು ಪರಾಧೀನರಾಗುತ್ತಾರೆ. 1961ರಲ್ಲಿ ಅಮೆರಿಕದ ನಗರಗಳ ಬಗ್ಗೆ ಬರೆದ ಜೇನ್ ಜೇಕಬ್ಸ್ ಎಂಬ ಮಹಿಳೆ ಎತ್ತಿದ ಆಕ್ಷೇಪಗಳಲ್ಲಿ ಒಂದು ಇದು: ಅಂಗಡಿ, ಮನೆ, ಜನಸಂಚಾರ ಬೆರೆತ ಬೀದಿಗೆ ಸದಾ ಕಣ್ಣುಗಳಿರುತ್ತವೆ, ಅದೇ ಅದರ ಕಾವಲು.

ಜಪಾನ್ ಒಂದು ಮಧ್ಯದ ದಾರಿ ಹಿಡಿದಿದೆ. ಅಲ್ಲಿ ಇಡೀ ದೇಶಕ್ಕೆ ಒಂದೇ ಪಟ್ಟಿ. 2018ರಿಂದ 13 ಬಗೆಯ ವಲಯಗಳು. ಒಂದು ವಲಯಕ್ಕೆ ಒಂದೇ ಬಳಕೆ ಎನ್ನದೆ, ಇಲ್ಲಿ ಗರಿಷ್ಠ ಇಷ್ಟು ಉಪದ್ರವ ಸಹಿಸಬಹುದು ಎಂದು ಮಿತಿ ಹಾಕುತ್ತಾರೆ. ಅದಕ್ಕಿಂತ ಕಡಿಮೆ ಉಪದ್ರವದ್ದು ಸಾಮಾನ್ಯವಾಗಿ ಅಲ್ಲಿ ಇರಬಹುದು. ಕೇವಲ ಕೈಗಾರಿಕೆಗೆಂದೇ ಮೀಸಲಾದ ವಲಯವೊಂದನ್ನು ಬಿಟ್ಟು ಉಳಿದೆಲ್ಲ ಕಡೆ ಮನೆ ಕಟ್ಟಬಹುದು. ನಮ್ಮಲ್ಲಿಯೂ ಜಾಲಹಳ್ಳಿಯ ಎಚ್‌ಎಂಟಿ (1953), ಬಿಇಎಲ್ (1954) ಕಾರ್ಖಾನೆಗಳ ಜೊತೆಗೆ ವಸತಿಗೃಹಗಳೂ ಇದ್ದವು. ಕಾರ್ಖಾನೆ ಒಂದು ಬದಿ, ಮನೆ ಇನ್ನೊಂದು ಬದಿ, ನಡುವೆ ಮರಗಳು. ಕೆಲಸಗಾರರು ಸೈಕಲ್ಲಿನಲ್ಲೇ ಹೋಗಿಬರುವಷ್ಟು ದೂರ. ಸದ್ದಿಗೆ ಬೇಕಾದಷ್ಟು ದೂರ, ಕಾಲಿಗೆ ಸಾಧ್ಯವಾದಷ್ಟು ಹತ್ತಿರ. ಯೋಜನೆಯ ಗುಟ್ಟೆಲ್ಲ ಈ ಎರಡರ ನಡುವೆ ಇದೆ.

ಗೆರೆಯ ಈಚೆ ನಾನೂ

ಈಗ ನಮ್ಮ ಬೀದಿಗೆ ಮರಳೋಣ. ಅಷ್ಟರಲ್ಲಿ ನೆರೆಯವರು ಒಂದು ದೂರರ್ಜಿ ಸಿದ್ಧಪಡಿಸಿದ್ದರು. ಮೇಷ್ಟ್ರೆಂದು ಮೊದಲ ಸಹಿ ನನ್ನದೇ ಆಗಬೇಕೆಂದರು. ಅದಕ್ಕೂ ಮುನ್ನ ನಕ್ಷೆ ನೋಡಿಬರೋಣವೆಂದು ಕಚೇರಿಗೆ ಹೋದೆ. ನಮ್ಮ ಬೀದಿ ಪೂರ್ತಿ ಹಳದಿ. ವೆಲ್ಡಿಂಗ್ ಶೆಡ್ ಅಲ್ಲಿ ಇರುವಂತಿಲ್ಲ. ಗೆದ್ದೆ ಎಂದುಕೊಂಡು ನಿಯಮಾವಳಿಯ ಪುಟ ತಿರುವಿದೆ. ಹಳದಿ ಪ್ರದೇಶದಲ್ಲಿ ಅಂಗಡಿಗೂ ಮಿತಿಗಳಿವೆ, ಅನುಮತಿ ಬೇಕು. ನಮ್ಮ ಮನೆಯ ಮುಂಭಾಗದ ಕೋಣೆಯನ್ನು ಆರು ವರ್ಷಗಳಿಂದ ಝೆರಾಕ್ಸ್ ಅಂಗಡಿಗೆ ಬಾಡಿಗೆ ಕೊಟ್ಟವನು ನಾನು. ಯಾವ ಅನುಮತಿಯನ್ನೂ ಕೇಳಿರಲಿಲ್ಲ. ಪರೀಕ್ಷೆಯ ಕಾಲದಲ್ಲಿ ಆ ಅಂಗಡಿಯ ಮುಂದೆ ಅಡ್ಡಾದಿಡ್ಡಿ ನಿಲ್ಲುವ ಸ್ಕೂಟರುಗಳಿಂದ ಪಕ್ಕದವರ ಗೇಟು ತೆರೆಯಲಾಗದೆ ಜಗಳವಾದದ್ದೂ ಉಂಟು. ಅದನ್ನು ನಾನು ಉಪದ್ರವವೆಂದು ಎಣಿಸಿಯೇ ಇರಲಿಲ್ಲ. ಬಾಡಿಗೆ ನನಗೆ ಬರುತ್ತಿತ್ತಲ್ಲ!

ಸಹಿ ಮಾಡದೆ ಹುಡುಗನ ಶೆಡ್ಡಿಗೆ ಹೋದೆ. ಲೆಕ್ಕ ಹಾಕಿದ ಹಾಳೆಯನ್ನು ತೋರಿಸಿದೆ. ನನ್ನ ಝೆರಾಕ್ಸ್ ಅಂಗಡಿಯ ವಿಷಯವನ್ನೂ ಹೇಳಿದೆ. ಆತ ಬಹಳ ಹೊತ್ತು ಸುಮ್ಮನಿದ್ದ. "ಕೈಗಾರಿಕಾ ಪ್ರದೇಶದಲ್ಲಿ ಶೆಡ್ಡಿನ ಬಾಡಿಗೆ ಇದರ ಮೂರರಷ್ಟು ಸರ್. ಹೊರಗೆ ಹೋಗು ಅಂತ ಎಲ್ಲರೂ ಹೇಳ್ತಾರೆ, ಹೊರಗೆ ನನ್ನಂಥವನಿಗೆ ಜಾಗ ಎಲ್ಲಿದೆ?" ಎಂದ. ಆ ಪ್ರಶ್ನೆಗೆ ನನ್ನ ಹಾಳೆಯಲ್ಲಿ ಉತ್ತರವಿರಲಿಲ್ಲ. ನೇರಳೆ ಬಣ್ಣ ಬಳಿದರೆ ಸಾಲದು, ಸಣ್ಣವನಿಗೆ ಎಟಕುವ ಬೆಲೆಗೆ ಅಲ್ಲಿ ಜಾಗವೂ ಸಿಗಬೇಕು. ಇಲ್ಲದಿದ್ದರೆ ಆತ ಹಳದಿಯಲ್ಲೇ ಕದ್ದುಮುಚ್ಚಿ ಬದುಕಬೇಕಾಗುತ್ತದೆ.

ಐದು ತಿಂಗಳು ಹಿಡಿಯಿತು. ಆತ ಇನ್ನಿಬ್ಬರ ಜೊತೆ ಸೇರಿ ಕೈಗಾರಿಕಾ ಪ್ರದೇಶದಲ್ಲಿ ಒಂದು ಶೆಡ್ ಹಿಡಿದ. ಕತ್ತರಿಸುವುದು, ವೆಲ್ಡಿಂಗ್ ಮಾಡುವುದು, ಬಣ್ಣ ಹೊಡೆಯುವುದು ಎಲ್ಲ ಅಲ್ಲಿಗೆ ಹೋದವು. ಅಲ್ಲಿಯವರೆಗೆ ಸಂಜೆ ಆರರ ಮೇಲೆ ಗ್ರೈಂಡರ್ ಮುಟ್ಟಲಿಲ್ಲ. ಈಗ ನಮ್ಮ ಬೀದಿಯಲ್ಲಿ ಅವನದು ಒಂದು ಮೇಜು, ಎರಡು ಕುರ್ಚಿ, ಗ್ರಿಲ್ಲಿನ ನಮೂನೆಗಳು. ಆದರೆ ಅವನ ನಾಲ್ಕು ಕೆಲಸಗಾರರಲ್ಲಿ ಒಬ್ಬ ಅಷ್ಟು ದೂರ ಬರಲಾಗದೆ ಕೆಲಸ ಬಿಟ್ಟ. ಎದುರು ಮನೆಯ ಅಜ್ಜಿ ಕಿಟಕಿ ತೆರೆದಿದ್ದಾರೆ. ನಾನೂ ಅರ್ಜಿ ಹಾಕಿ ಅಂಗಡಿಗೆ ಅನುಮತಿ ಪಡೆದೆ, ಸ್ಕೂಟರುಗಳಿಗೆ ನಮ್ಮ ಅಂಗಳದಲ್ಲೇ ಜಾಗ ಮಾಡಿಕೊಟ್ಟೆ.

ಓದುಗರಿಗೆ ಒಂದೆರಡು ಮಾತು. ನಿವೇಶನ ಕೊಳ್ಳುವ ಮುನ್ನ ಅದರ ಬಣ್ಣವನ್ನು ಮಾತ್ರವಲ್ಲ, ಅಕ್ಕಪಕ್ಕದ ಬಣ್ಣವನ್ನೂ ನೋಡಿ. ಇಂದು ಖಾಲಿ ಕಾಣುವ ಹಿಂಬದಿಯ ಹೊಲ ನಕ್ಷೆಯಲ್ಲಿ ನೇರಳೆಯಾಗಿರಬಹುದು. ಮಹಾಯೋಜನೆಯ ಕರಡನ್ನು ಅಂತಿಮಗೊಳಿಸುವ ಮುನ್ನ ಸಾರ್ವಜನಿಕರ ಆಕ್ಷೇಪಣೆ, ಸಲಹೆಗಳನ್ನು ಕರೆಯಬೇಕೆಂದು ಕಾನೂನೇ ಹೇಳುತ್ತದೆ. ಯಾರದೋ ಜಮೀನಿನ ಬಣ್ಣ ಬದಲಿಸಲು ಹೊರಟಾಗಲೂ ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ಸಣ್ಣ ಅಕ್ಷರದ ಪ್ರಕಟಣೆ, ಆದರೆ ನಮ್ಮ ಮುಂದಿನ ಇಪ್ಪತ್ತು ವರ್ಷದ ನಿದ್ದೆ ಅದರಲ್ಲಿರುತ್ತದೆ.

ಎಲ್ಲಿ ಏನಿರಬೇಕೆಂದು ಯಾರು ತೀರ್ಮಾನಿಸುತ್ತಾರೆ ಎಂದು ಕೇಳಿದ್ದ ಹುಡುಗಿಗೆ ಇದನ್ನೆಲ್ಲ ಹೇಳಿದೆ. ಆಕೆ ಎಲ್ಲ ಕೇಳಿ, "ಹಾಗಾದ್ರೆ ಹಿಂದಿನ ಸಲ ನಮ್ಮೂರಿನ ನಕ್ಷೆಗೆ ಆಕ್ಷೇಪಣೆ ಕರೆದಾಗ ನೀವು ಏನು ಬರೆದು ಕೊಟ್ರಿ ಸರ್?" ಎಂದಳು.

ಏನೂ ಬರೆದಿರಲಿಲ್ಲ. ಪತ್ರಿಕೆಯ ಆ ಹಾಳೆಯನ್ನು ಯಾವುದೋ ಪುಸ್ತಕಕ್ಕೆ ರಟ್ಟಾಗಿ ಹಾಕಿದ್ದಿರಬೇಕು. ಮುಂದಿನ ಸಲ ಬರೆಯುತ್ತೇನೆ ಎಂದು ಆಕೆಗೆ ಮಾತು ಕೊಟ್ಟಿದ್ದೇನೆ.